ವಕೀಲರ ಬಳಿಗೆ ಹೋಗುವ ಮುನ್ನ: ಲೋಣಾವಳಾದ ಕನ್ನಡಿಗರು ತಿಳಿದಿರಬೇಕಾದ ಕಾನೂನು

ಮುಂಬಯಿ ಮತ್ತು ಪುಣೆ ನಗರಗಳ ನಡುವೆ, ಸಹ್ಯಾದ್ರಿಯ ಭೋರ್ ಘಾಟಿನ ನೆತ್ತಿಯಲ್ಲಿ ಲೋಣಾವಳಾ ಪಟ್ಟಣವಿದೆ. ವಿಜಯಪುರ, ಕಲಬುರಗಿ, ಹುಬ್ಬಳ್ಳಿಗಳ ಕಡೆಯಿಂದ ಪುಣೆಯ ಮಾರ್ಗವಾಗಿ ಮುಂಬಯಿಗೆ ಹೋಗುವ ರೈಲುಗಳು ಇಲ್ಲಿಂದಲೇ ಘಟ್ಟ ಇಳಿಯುತ್ತವೆ. ಮುಂಬಯಿ–ಪುಣೆ ದ್ರುತಗತಿ ಹೆದ್ದಾರಿಯೂ ಪಟ್ಟಣದ ಮಗ್ಗುಲಲ್ಲೇ ಹಾದುಹೋಗುತ್ತದೆ. ರೈಲ್ವೆಯ ನೌಕರಿ, ನೌಕಾಪಡೆಯ ಐಎನ್‌ಎಸ್ ಶಿವಾಜಿ ತರಬೇತಿ ಕೇಂದ್ರ, ಹೋಟೆಲುಗಳು, ಕಟ್ಟಡ ಕಾಮಗಾರಿಗಳು ಇವುಗಳ ನಿಮಿತ್ತವಾಗಿ ಹೊರರಾಜ್ಯಗಳ ಜನರು ಇಲ್ಲಿಗೆ ಬಂದು ನೆಲೆಸುತ್ತಾರೆ. ಅವರಲ್ಲಿ ಕನ್ನಡಿಗರೂ ಉಂಟು. ದುಡಿಮೆಯ ಊರು ಲೋಣಾವಳಾ, ಹಿರಿಯರ ಜಮೀನು ಮತ್ತು ಮನೆ ಇರುವುದು ಕರ್ನಾಟಕದಲ್ಲಿ. ಹೀಗೆ ಎರಡು ರಾಜ್ಯಗಳಲ್ಲಿ ಕಾಲಿಟ್ಟ ಕುಟುಂಬಕ್ಕೆ ಕಾನೂನಿನ ಪ್ರಶ್ನೆಗಳು ಎದುರಾದಾಗ ಗೊಂದಲವೂ ಇಮ್ಮಡಿಯಾಗುತ್ತದೆ.

ಲೋಣಾವಳಾ ಪಟ್ಟಣವು ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿಗೆ ಸೇರಿದೆ. ತಾಲ್ಲೂಕಿನ ಕೇಂದ್ರ ವಡಗಾಂವ್. ತಹಶೀಲ್ದಾರರ ಕಚೇರಿ, ಸಿವಿಲ್ ನ್ಯಾಯಾಲಯ ಮತ್ತು ಪ್ರಥಮ ದರ್ಜೆ ದಂಡಾಧಿಕಾರಿಗಳ ನ್ಯಾಯಾಲಯ ಅಲ್ಲಿವೆ. ಜಿಲ್ಲಾ ನ್ಯಾಯಾಲಯ ಪುಣೆಯಲ್ಲಿದೆ. ಇಲ್ಲಿನ ಕಾಗದಪತ್ರಗಳೆಲ್ಲ ಬಹುಪಾಲು ಮರಾಠಿಯಲ್ಲಿರುತ್ತವೆ. ಓದಲು ಬಾರದ ಕಾಗದಕ್ಕೆ ಸಹಿ ಹಾಕಿ, ತೊಂದರೆ ಮೇಲೆ ಬಿದ್ದ ಬಳಿಕ ವಕೀಲರನ್ನು ಹುಡುಕುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಇದನ್ನು ತಪ್ಪಿಸಲು ಕೆಲವು ಮೂಲ ಸಂಗತಿಗಳನ್ನು ಮೊದಲೇ ಅರಿತಿರುವುದು ಒಳಿತು.

ಮೂರು ಮೂಲ ಪ್ರಶ್ನೆಗಳು

ಯಾವುದೇ ವ್ಯಾಜ್ಯವನ್ನು ಕೇಳಿಸಿಕೊಂಡ ವಕೀಲರು ತಮ್ಮ ಮನಸ್ಸಿನಲ್ಲಿ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳುತ್ತಾರೆ. ಇದಕ್ಕೆ ಅನ್ವಯಿಸುವ ಕಾನೂನು ಯಾವುದು? ವಿಚಾರಣೆ ನಡೆಸುವ ಅಧಿಕಾರವುಳ್ಳ ನ್ಯಾಯಾಲಯ ಯಾವುದು? ದಾವೆ ಹೂಡಲು ಉಳಿದಿರುವ ಕಾಲವೆಷ್ಟು? ವಿವಾಹ, ಉತ್ತರಾಧಿಕಾರ, ಅಪರಾಧ, ಚೆಕ್ಕು, ಮೋಟಾರು ವಾಹನ ಮುಂತಾದ ವಿಷಯಗಳಲ್ಲಿ ಕೇಂದ್ರ ಕಾಯಿದೆಗಳಿದ್ದು, ಅವು ಕರ್ನಾಟಕ ಮತ್ತು ಮಹಾರಾಷ್ಟ್ರಗಳೆರಡರಲ್ಲೂ ಬಹುಮಟ್ಟಿಗೆ ಒಂದೇ ಆಗಿವೆ. ಕೃಷಿ ಜಮೀನು, ಕಂದಾಯ ದಾಖಲೆ, ಮನೆ ಬಾಡಿಗೆ ಮುಂತಾದವು ರಾಜ್ಯದ ಕಾನೂನುಗಳಿಗೆ ಒಳಪಟ್ಟಿವೆ. ಊರಿನಲ್ಲಿ ನಡೆಯುವ ಪದ್ಧತಿ ಇಲ್ಲಿಯೂ ನಡೆಯುತ್ತದೆಂದು ಭಾವಿಸಿ ಜನರು ಹೆಚ್ಚಾಗಿ ಮೋಸಹೋಗುವುದು ಈ ಎರಡನೆಯ ಬಗೆಯ ವಿಷಯಗಳಲ್ಲಿಯೇ.

ಜಮೀನು ಕೊಳ್ಳುವಾಗ

ಲೋಣಾವಳಾದ ಸುತ್ತಮುತ್ತ ಬಂಗಲೆ ಕಟ್ಟಲು ತಕ್ಕ ಜಾಗಗಳಿಗೆ ಬೇಡಿಕೆ ಹೆಚ್ಚು. ನಿವೃತ್ತಿಯ ಹಣದಲ್ಲಿ ತುಂಡು ಜಮೀನು ಕೊಳ್ಳಲು ಬಯಸುವವರು ಮೊದಲು ಕೇಳಬೇಕಾದ ಪ್ರಶ್ನೆ, ಆ ಜಾಗ ಕೃಷಿ ಜಮೀನೋ ಅಲ್ಲವೋ ಎಂಬುದು. ಮಹಾರಾಷ್ಟ್ರದಲ್ಲಿ ಜಾರಿಯಲ್ಲಿರುವ 1948ರ ಗೇಣಿ ಮತ್ತು ಕೃಷಿ ಜಮೀನುಗಳ ಕಾಯಿದೆಯ 63ನೆಯ ಕಲಮಿನ ಪ್ರಕಾರ, ಕೃಷಿಕರಲ್ಲದವರು ಜಿಲ್ಲಾಧಿಕಾರಿಗಳ ಅನುಮತಿಯಿಲ್ಲದೆ ಕೃಷಿ ಜಮೀನನ್ನು ಕೊಳ್ಳುವಂತಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಮುಂಬಯಿ ರಾಜ್ಯದಲ್ಲಿದ್ದ ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳ ಹಿರಿಯರಿಗೆ ಈ ಕಾಯಿದೆಯ ಹೆಸರು ಹೊಸದಲ್ಲ. ಕರ್ನಾಟಕದಲ್ಲಿಯೂ ಇಂತಹ ನಿರ್ಬಂಧವು ದೀರ್ಘಕಾಲ ಇದ್ದಿತು. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿಯಿಂದ ಅಲ್ಲಿ ಅದು ತೆಗೆದುಹಾಕಲ್ಪಟ್ಟಿತು. ಆ ಸಡಿಲಿಕೆ ಮಹಾರಾಷ್ಟ್ರಕ್ಕೆ ಅನ್ವಯಿಸುವುದಿಲ್ಲ. ನಿಯಮ ಮೀರಿ ನಡೆದ ಖರೀದಿಯು ಅಸಿಂಧುವೆಂದು ಘೋಷಿತವಾಗಿ, ಜಮೀನು ಸರ್ಕಾರದ ವಶಕ್ಕೆ ಹೋಗುವ ಸಂಭವವುಂಟು. ಆದುದರಿಂದ ಮುಂಗಡ ಹಣ ಕೊಡುವ ಮುನ್ನವೇ ಈ ವಿಷಯವನ್ನು ಇತ್ಯರ್ಥಪಡಿಸಿಕೊಳ್ಳಬೇಕು.

ಕರ್ನಾಟಕದ ಪಹಣಿಗೆ ಸಮಾನವಾದ ದಾಖಲೆಯನ್ನು ಮಹಾರಾಷ್ಟ್ರದಲ್ಲಿ ‘ಸಾತ್-ಬಾರಾ’ ಉತಾರೆ ಎನ್ನುತ್ತಾರೆ. ಗ್ರಾಮ ಲೆಕ್ಕದ 7 ಮತ್ತು 12ನೆಯ ನಮೂನೆಗಳು ಒಂದೇ ಹಾಳೆಯಲ್ಲಿರುವುದರಿಂದ ಈ ಹೆಸರು ಬಂದಿದೆ. ಖಾತೆ ಬದಲಾವಣೆಗೆ ಇಲ್ಲಿ ‘ಫೇರ್‌ಫಾರ್’ ಎಂದು ಹೆಸರು. ನಗರ ಭೂಮಾಪನಕ್ಕೆ ಒಳಪಟ್ಟ ಜಾಗಗಳಿಗೆ ‘ಪ್ರಾಪರ್ಟಿ ಕಾರ್ಡ್’ ಇರುತ್ತದೆ. ಕಂದಾಯ ದಾಖಲೆಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಒಡೆತನ ಬಂದಿತೆಂದು ತಿಳಿಯಬಾರದು. ಆ ನಮೂದು ಕಂದಾಯ ವಸೂಲಿಗಾಗಿ ಮಾತ್ರವೇ ಹೊರತು ಹಕ್ಕನ್ನು ಸೃಷ್ಟಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಹಲವು ತೀರ್ಪುಗಳಲ್ಲಿ ಹೇಳಿದೆ.

ಮುಖತ್ಯಾರ ಪತ್ರದ ಮೇಲೆ ಜಾಗ ಕೊಳ್ಳಬಹುದೇ ಎಂಬುದು ಇದಕ್ಕೆ ಹೊಂದಿಕೊಂಡ ಪ್ರಶ್ನೆ. ಮುಖತ್ಯಾರ ಪತ್ರ, ಮಾರಾಟದ ಕರಾರು ಮತ್ತು ಉಯಿಲು ಈ ಮೂರನ್ನು ಬರೆಸಿಕೊಂಡು ಹಣ ಕೊಟ್ಟರೆ ಒಡೆತನ ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಸ್ಥಿರಾಸ್ತಿಯ ಮಾರಾಟಕ್ಕೆ ಉಪನೋಂದಣಾಧಿಕಾರಿಗಳ ಮುಂದೆ ನೋಂದಣಿಯಾದ ಕ್ರಯಪತ್ರವೇ ಆಧಾರ. ಬಡಾವಣೆಯ ನಿವೇಶನವನ್ನಾಗಲಿ ಕಟ್ಟಡದ ಫ್ಲ್ಯಾಟನ್ನಾಗಲಿ ಕೊಳ್ಳುವವರು ಆ ಯೋಜನೆಯು 2016ರ ಸ್ಥಿರಾಸ್ತಿ ಕಾಯಿದೆಯ ಅನ್ವಯ ‘ಮಹಾರೇರಾ’ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ ಎಂಬುದನ್ನೂ ಪರಿಶೀಲಿಸಬೇಕು.

ಬಾಡಿಗೆ ಮನೆ

ಕರ್ನಾಟಕದಲ್ಲಿ 11 ತಿಂಗಳ ಬಾಡಿಗೆ ಕರಾರನ್ನು ಛಾಪಾ ಕಾಗದದ ಮೇಲೆ ಬರೆದು, ನೋಂದಣಿ ಮಾಡಿಸದೆ ಇಟ್ಟುಕೊಳ್ಳುವ ರೂಢಿಯಿದೆ. ನೋಂದಣಿ ಕಾಯಿದೆಯು ಒಂದು ವರ್ಷವನ್ನು ಮೀರಿದ ಗೇಣಿಗಳಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿರುವುದೇ ಇದಕ್ಕೆ ಕಾರಣ. ಮಹಾರಾಷ್ಟ್ರದಲ್ಲಿ ಈ ಜಾಣತನ ಫಲಿಸದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮು, ಆ ಕಾಯಿದೆ ಅನ್ವಯಿಸುವ ಪ್ರದೇಶಗಳಲ್ಲಿ ಬಾಡಿಗೆ ಅಥವಾ ‘ಲೀವ್ ಅಂಡ್ ಲೈಸೆನ್ಸ್’ ಕರಾರು ಲಿಖಿತವಾಗಿರಬೇಕೆಂದೂ ನೋಂದಣಿಯಾಗಬೇಕೆಂದೂ ವಿಧಿಸುತ್ತದೆ. ಅವಧಿ ಎಷ್ಟೇ ಕಡಿಮೆಯಿದ್ದರೂ ಸರಿಯೆ. ನೋಂದಣಿ ಮಾಡಿಸುವ ಹೊಣೆ ಮನೆಯ ಮಾಲೀಕರದು. ತಪ್ಪಿದಲ್ಲಿ ಅವರಿಗೆ 3 ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ನೋಂದಣಿಯಾಗದ ಕರಾರಿನ ಷರತ್ತುಗಳ ಬಗ್ಗೆ ವಿವಾದ ಬಂದರೆ, ಬೇರೆ ರೀತಿ ರುಜುವಾತಾಗುವ ತನಕ ಬಾಡಿಗೆದಾರರ ಮಾತೇ ನಿಲ್ಲುತ್ತದೆ. ಇನ್ನೊಂದು ಪಕ್ಕದಲ್ಲಿ, ಪರವಾನಗಿಯ ಅವಧಿ ಮುಗಿದ ಮೇಲೂ ವಾಸದ ಮನೆಯನ್ನು ಬಿಟ್ಟುಕೊಡದವರು ಕರಾರಿನ ಮೊತ್ತದ ಇಮ್ಮಡಿಯನ್ನು ನಷ್ಟ ಪರಿಹಾರವಾಗಿ ತೆರಬೇಕಾಗುತ್ತದೆ.

ಕೂಲಿ ಬಾಕಿ ಉಳಿದಾಗ

ಹೋಟೆಲಿನಲ್ಲಿಯೋ ಕಟ್ಟಡದಲ್ಲಿಯೋ ದುಡಿದವರಿಗೆ ಗುತ್ತಿಗೆದಾರನು ಕೂಲಿ ಕೊಡದೆ ತಲೆಮರೆಸಿಕೊಂಡರೆ ಗತಿಯೇನು? ವೇತನ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕೆಲಸದಿಂದ ತೆಗೆದುಹಾಕಲ್ಪಟ್ಟವರಿಗೂ ತಾವಾಗಿಯೇ ಬಿಟ್ಟವರಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಸಂದಾಯವಾಗಬೇಕೆಂದು ಅದು ಹೇಳುತ್ತದೆ. ಕೂಲಿ ಕೊಡಬೇಕಾದವನು ಕೊಡದಿದ್ದರೆ, ಆ ಉದ್ದಿಮೆಯ ಒಡೆತನವುಳ್ಳ ಸಂಸ್ಥೆ ಅಥವಾ ವ್ಯಕ್ತಿಯೇ ಹೊಣೆಯಾಗಬೇಕಾಗುತ್ತದೆ. ಬಾಕಿಯ ಬಗ್ಗೆ 3 ವರ್ಷಗಳೊಳಗೆ ಸಂಬಂಧಪಟ್ಟ ಪ್ರಾಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಹಾಜರಿ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ದೂರವಾಣಿಯಲ್ಲಿ ಬಂದ ಸಂದೇಶ, ಜೊತೆಗಾರರ ಹೇಳಿಕೆ ಇವೆಲ್ಲ ಸಾಕ್ಷ್ಯಕ್ಕೆ ಒದಗುವ ಸಾಧನಗಳು. ಊರಿಗೆ ಮರಳುವ ಮುನ್ನ ಇವನ್ನು ಕೂಡಿಸಿಟ್ಟುಕೊಳ್ಳುವುದು ಅವಶ್ಯ.

ರಸ್ತೆ ಮತ್ತು ರೈಲು ಅಪಘಾತ

ಘಟ್ಟದ ರಸ್ತೆಯಲ್ಲಿ ಅಪಘಾತವಾಗಿ ದುಡಿಯುವ ವ್ಯಕ್ತಿ ತೀರಿಕೊಂಡರೆ, ಕರ್ನಾಟಕದಲ್ಲಿರುವ ಕುಟುಂಬವು ಪರಿಹಾರಕ್ಕಾಗಿ ಪುಣೆಗೆ ಅಲೆಯಬೇಕೆಂಬ ಭಾವನೆ ಜನರಲ್ಲಿದೆ. ಇದು ನಿಜವಲ್ಲ. 1988ರ ಮೋಟಾರು ವಾಹನ ಕಾಯಿದೆಯ 166ನೆಯ ಕಲಮಿನಂತೆ, ಅಪಘಾತ ನಡೆದ ಸ್ಥಳದ ನ್ಯಾಯಮಂಡಳಿಯಲ್ಲಿ ಮಾತ್ರವಲ್ಲದೆ ಅರ್ಜಿದಾರರು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿಯೂ ಅರ್ಜಿ ಸಲ್ಲಿಸಲು ಅವಕಾಶವಿದೆ. ಲೋಣಾವಳಾದ ಬಳಿ ಮಡಿದವರ ಪತ್ನಿ ಮುದ್ದೇಬಿಹಾಳದಲ್ಲಿದ್ದರೆ ವಿಜಯಪುರ ಜಿಲ್ಲೆಯಲ್ಲಿಯೇ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅಪಘಾತದ ದಿನದಿಂದ 6 ತಿಂಗಳ ಕಾಲಮಿತಿಯನ್ನು ಗೊತ್ತುಪಡಿಸಿದೆ. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿದ್ದರೂ, ಆ ಅವಧಿಯೊಳಗೇ ಅರ್ಜಿ ಸಲ್ಲಿಸುವುದು ಕ್ಷೇಮ. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರ ಕೊಡುವ ಯೋಜನೆಯಿದೆ. 2025ರ ಮೇ ತಿಂಗಳಿನಲ್ಲಿ ಪ್ರಕಟವಾದ ಇನ್ನೊಂದು ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ಮುಂಗಡ ಹಣವಿಲ್ಲದೆ ಚಿಕಿತ್ಸೆ ದೊರೆಯಬೇಕು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರನ್ನು ಹೇಳಲೇಬೇಕೆಂಬ ಕಡ್ಡಾಯವಿಲ್ಲ.

ರೈಲಿನಿಂದ ಆಕಸ್ಮಿಕವಾಗಿ ಬಿದ್ದು ಪ್ರಯಾಣಿಕರು ಮೃತಪಟ್ಟರೆ, 1989ರ ರೈಲ್ವೆ ಕಾಯಿದೆಯ ಅನ್ವಯ ಕುಟುಂಬಕ್ಕೆ 8 ಲಕ್ಷ ರೂಪಾಯಿ ಪರಿಹಾರ ಸಲ್ಲುತ್ತದೆ. ರೈಲ್ವೆಯ ತಪ್ಪನ್ನು ರುಜುವಾತುಪಡಿಸುವ ಅಗತ್ಯವಿಲ್ಲ. ಆತ್ಮಹತ್ಯೆ, ಪಾನಮತ್ತತೆ, ಸ್ವಂತ ಅಪರಾಧ ಕೃತ್ಯ ಮುಂತಾದ ಸಂದರ್ಭಗಳಿಗೆ ಮಾತ್ರ ಈ ಪರಿಹಾರವಿಲ್ಲ. ರೈಲ್ವೆ ಕ್ಲೇಮ್ಸ್ ನ್ಯಾಯಮಂಡಳಿಗೆ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಮೃತದೇಹದ ಬಳಿ ಟಿಕೆಟ್ಟು ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ರೀನಾ ದೇವಿ ಪ್ರಕರಣದಲ್ಲಿ ತೀರ್ಮಾನಿಸಿತು.

ಪೊಲೀಸ್ ಠಾಣೆಯಲ್ಲಿ

“ಇದು ನಮ್ಮ ಸರಹದ್ದಲ್ಲ, ಬೇರೆ ಠಾಣೆಗೆ ಹೋಗಿ” ಎಂಬ ಮಾತನ್ನು ಕೇಳಿ ಹಿಂತಿರುಗಿದವರು ಅನೇಕರು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಸಂಜ್ಞೇಯ ಅಪರಾಧದ ವರ್ತಮಾನವನ್ನು ಅದು ನಡೆದ ಸ್ಥಳ ಯಾವುದೇ ಆಗಿರಲಿ ಯಾವ ಠಾಣೆಯಲ್ಲಿಯೂ ಕೊಡಬಹುದು. ವಿದ್ಯುನ್ಮಾನ ಮಾರ್ಗದಲ್ಲಿ ಕೊಟ್ಟ ದೂರಿಗೆ ದೂರುದಾರರು 3 ದಿನಗಳೊಳಗೆ ಸಹಿ ಹಾಕಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡತಕ್ಕದ್ದು. ದೂರಿನಲ್ಲಿ ಸಂಜ್ಞೇಯ ಅಪರಾಧ ಕಂಡುಬಂದರೆ ವರದಿ ದಾಖಲಿಸುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಆದೇಶಿಸಿದೆ. ಠಾಣೆಯಲ್ಲಿ ನಿರಾಕರಿಸಿದರೆ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಲಿಖಿತ ದೂರು ಕಳುಹಿಸಬಹುದು. ಅಲ್ಲಿಯೂ ಪ್ರಯೋಜನವಾಗದಿದ್ದರೆ ದಂಡಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ರೈಲಿನಲ್ಲಿ ಕಳವಾದರೆ 139 ಸಂಖ್ಯೆಗೆ ಕರೆಮಾಡಿ ತಿಳಿಸಲೂಬಹುದು.

ಬಂಧನವಾದರೆ, ಬಂಧಿತರನ್ನು ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ದಂಡಾಧಿಕಾರಿಗಳ ಮುಂದೆ ಹಾಜರುಪಡಿಸಬೇಕು. ತಾವು ಬಯಸಿದ ವಕೀಲರೊಡನೆ ಸಮಾಲೋಚಿಸುವ ಹಕ್ಕು ಸಂವಿಧಾನದ 22ನೆಯ ಅನುಚ್ಛೇದದಿಂದ ಬಂದುದು. ಬಂಧನದ ಕಾರಣಗಳನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರಿನಲ್ಲಿ, ಮಹಾರಾಷ್ಟ್ರದ ಪ್ರಕರಣವೊಂದರಲ್ಲಿಯೇ ಹೇಳಿದೆ. ಮರಾಠಿ ಬಾರದ ಕನ್ನಡಿಗರಿಗೆ ಈ ತೀರ್ಪು ಬಹಳ ಮಹತ್ವದ್ದು.

ಊರಿನ ಆಸ್ತಿ, ಹೆಣ್ಣುಮಕ್ಕಳ ಪಾಲು

ಲೋಣಾವಳಾದಲ್ಲಿ ನೆಲೆಸಿದ ಮಗಳು ಬಾಗಲಕೋಟೆ ಜಿಲ್ಲೆಯ ತವರಿನ ಜಮೀನಿನಲ್ಲಿ ಪಾಲು ಕೇಳಬಹುದೇ? ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಗಳನ್ನು ಕರ್ನಾಟಕ ಮತ್ತು ಮಹಾರಾಷ್ಟ್ರಗಳೆರಡೂ 1994ರಲ್ಲಿಯೇ ಜಾರಿಗೆ ತಂದಿದ್ದವು. ಆದರೆ ಅದಕ್ಕೆ ಮೊದಲೇ ವಿವಾಹವಾದ ಹೆಣ್ಣುಮಕ್ಕಳು ಅವುಗಳಿಂದ ಹೊರಗುಳಿದಿದ್ದರು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಈ ಭೇದವನ್ನು ತೊಡೆದುಹಾಕಿತು. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮುನ್ನ ಕ್ರಮಬದ್ಧವಾಗಿ ಆಗಿಹೋದ ವಿಭಜನೆ ಮತ್ತು ಮಾರಾಟಗಳಿಗೆ ಮಾತ್ರ ಬಾಧೆಯಿಲ್ಲ. ಸ್ಥಿರಾಸ್ತಿಯ ದಾವೆಯನ್ನು ಆಸ್ತಿ ಇರುವ ಸ್ಥಳದ ನ್ಯಾಯಾಲಯದಲ್ಲಿ ಹೂಡಬೇಕು. ಆದುದರಿಂದ ಈ ವಿಷಯಕ್ಕೆ ವಡಗಾಂವಿನ ನ್ಯಾಯಾಲಯಕ್ಕೆ ಅಧಿಕಾರವಿಲ್ಲ. ಅಣ್ಣತಮ್ಮಂದಿರು ಕಳುಹಿಸಿದ ‘ಹಕ್ಕು ಬಿಡುಗಡೆ’ ಪತ್ರಕ್ಕೆ ಬಾಂಧವ್ಯದ ಮುಲಾಜಿನಿಂದ ಓದದೆ ಸಹಿ ಹಾಕಿದವರು ಅನಂತರ ಪಾಲು ಪಡೆಯುವುದು ಕಷ್ಟಸಾಧ್ಯ.

ಉಯಿಲನ್ನು ಕನ್ನಡದಲ್ಲಿ ಬರೆಯಬಹುದೇ ಎಂದು ವೃದ್ಧರು ಕೇಳುವುದುಂಟು. ಧಾರಾಳವಾಗಿ ಬರೆಯಬಹುದು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ಆ ಜಿಲ್ಲೆಯಲ್ಲಿ ಬಳಕೆಯಿಲ್ಲದ, ನೋಂದಣಿ ಅಧಿಕಾರಿಗೆ ತಿಳಿಯದ ಭಾಷೆಯ ದಸ್ತಾವೇಜನ್ನು ನೋಂದಾಯಿಸಬೇಕಾದರೆ ನೈಜ ಭಾಷಾಂತರವನ್ನು ಜೊತೆಗಿಡಬೇಕು.

ಗಂಡನ ಮನೆಯಲ್ಲಿ ಹಿಂಸೆಗೊಳಗಾದ ಮಹಿಳೆಗೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ಒಂದು ಮುಖ್ಯ ಸೌಲಭ್ಯ ನೀಡಿದೆ. ತಾತ್ಕಾಲಿಕವಾಗಿ ಆಶ್ರಯ ಪಡೆದ ಊರಿನ ದಂಡಾಧಿಕಾರಿಗಳಿಗೂ ಆಕೆ ಅರ್ಜಿ ಸಲ್ಲಿಸಬಹುದು. ಕರ್ನಾಟಕದ ತವರಿನಿಂದ ಲೋಣಾವಳಾಕ್ಕಾಗಲಿ, ಲೋಣಾವಳಾದಿಂದ ತವರಿಗಾಗಲಿ ಬಂದವರಿಗೆ ಇದು ಸಮಾನವಾಗಿ ಅನ್ವಯಿಸುತ್ತದೆ.

ಸಾಲ ಮತ್ತು ಚೆಕ್ಕು

ಕೈಸಾಲದ ವಸೂಲಿಗೆ ದಾವೆ ಹೂಡುವ ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ಆ ಅವಧಿ ಮುಗಿಯುವ ಮುನ್ನ ಸಾಲಗಾರನು ಸಾಲವನ್ನು ಲಿಖಿತವಾಗಿ ಒಪ್ಪಿ ಸಹಿ ಮಾಡಿದರೆ ಹೊಸದಾಗಿ ಅವಧಿ ಆರಂಭವಾಗುತ್ತದೆ. ಹಣವಿಲ್ಲದೆ ಚೆಕ್ಕು ಹಿಂತಿರುಗಿದಾಗ ಕಾಲದ ಲೆಕ್ಕ ಇನ್ನೂ ಬಿಗಿಯಾದುದು. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ನೋಟೀಸು ಕೊಡಬೇಕು. ಅದು ತಲುಪಿದ 15 ದಿನಗಳೊಳಗೆ ಹಣ ಬಾರದಿದ್ದರೆ, ಮುಂದಿನ ಒಂದು ತಿಂಗಳಿನೊಳಗೆ ದಂಡಾಧಿಕಾರಿಗಳಿಗೆ ದೂರು ಸಲ್ಲಿಸಬೇಕು. ಚೆಕ್ಕನ್ನು ತನ್ನ ಖಾತೆಗೆ ಜಮಾ ಮಾಡಿದವನು, ಆ ಖಾತೆಯಿರುವ ಬ್ಯಾಂಕ್ ಶಾಖೆಯ ಸ್ಥಳದಲ್ಲಿಯೇ ದೂರು ಹಾಕಬಹುದೆಂದು 2015ರ ತಿದ್ದುಪಡಿ ಸ್ಪಷ್ಟಪಡಿಸಿದೆ.

ವಕೀಲರು, ಶುಲ್ಕ ಮತ್ತು ಉಚಿತ ನೆರವು

ವಕೀಲರಿಗೆ ಹೇಳಿದ ಗುಟ್ಟು ಹೊರಬೀಳುವುದೇ ಎಂಬ ಅಳುಕು ಅನೇಕರಲ್ಲಿದೆ. ವೃತ್ತಿಯ ಸಂಬಂಧದಲ್ಲಿ ಕಕ್ಷಿದಾರರು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಬಯಲುಮಾಡದಂತೆ ಕಾನೂನು ವಕೀಲರನ್ನು ನಿರ್ಬಂಧಿಸುತ್ತದೆ. ಅಪರಾಧ ಎಸಗುವ ಉದ್ದೇಶದಿಂದ ಹೇಳಿದ ಮಾತಿಗೆ ಮಾತ್ರ ಈ ರಕ್ಷಣೆಯಿಲ್ಲ. ಗೆದ್ದ ಹಣದಲ್ಲಿ ಇಂತಿಷ್ಟು ಪಾಲೆಂದು ಶುಲ್ಕ ನಿಗದಿಪಡಿಸುವುದು ವಕೀಲರ ಪರಿಷತ್ತಿನ ನಿಯಮಗಳಿಗೆ ವಿರುದ್ಧ. ಶುಲ್ಕ ಬಾಕಿಯಿದೆಯೆಂದು ಕಕ್ಷಿದಾರರ ಕಡತವನ್ನು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ತೀರ್ಪು ನೀಡಿದೆ. ವಕೀಲರ ವೃತ್ತಿ ದುರ್ನಡತೆಯ ಬಗ್ಗೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬೇಕು. 2024ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ, ವಕೀಲರ ಸೇವೆಯಲ್ಲಿನ ಲೋಪಕ್ಕಾಗಿ ಗ್ರಾಹಕ ಆಯೋಗಕ್ಕೆ ಹೋಗುವಂತಿಲ್ಲ.

ಹಣವಿಲ್ಲದವರಿಗೆ ದಾರಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಇವರಿಗೆ ವರಮಾನದ ಮಿತಿಯಿಲ್ಲದೆ ಉಚಿತ ವಕೀಲರ ಸೇವೆ ದೊರೆಯುತ್ತದೆ. ಉಳಿದವರಿಗೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ವರಮಾನದ ಮಿತಿಯಿದೆ. ತಾಲ್ಲೂಕು ಮಟ್ಟದ ಕಾನೂನು ಸೇವೆಗಳ ಸಮಿತಿಗೆ, ಅಥವಾ ಪುಣೆಯ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. 15100 ಸಂಖ್ಯೆಗೆ ದೂರವಾಣಿಯನ್ನೂ ಮಾಡಬಹುದು. ರಾಜಿಗೆ ಒಪ್ಪುವವರಿಗೆ ಲೋಕ ಅದಾಲತ್ ಇದೆ. ಅದರ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಅದರ ಮೇಲೆ ಅಪೀಲಿಲ್ಲ. ನ್ಯಾಯಾಲಯದಲ್ಲಿದ್ದ ಪ್ರಕರಣ ಅಲ್ಲಿ ಬಗೆಹರಿದರೆ ಕಟ್ಟಿದ ಶುಲ್ಕವೂ ಹಿಂತಿರುಗುತ್ತದೆ.

ವಕೀಲರ ಬಳಿಗೆ ಹೋಗುವವರು ಘಟನೆಗಳನ್ನು ದಿನಾಂಕದ ಅನುಕ್ರಮದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಬೇಕು. ಮೂಲ ದಾಖಲೆಗಳನ್ನು ತೋರಿಸಿ, ಪ್ರತಿಗಳನ್ನು ಕೊಡಬೇಕು. ಕೊಟ್ಟ ಹಣಕ್ಕೆ ರಸೀದಿ ಪಡೆಯಬೇಕು. ತಮಗೆ ಪ್ರತಿಕೂಲವಾದ ಸಂಗತಿಯನ್ನೂ ಮುಚ್ಚಿಡಬಾರದು. ಅದು ಎದುರು ಪಕ್ಷದ ಬಾಯಿಂದ ಮೊದಲು ಹೊರಬಿದ್ದರೆ ಪ್ರಕರಣವೇ ದುರ್ಬಲವಾಗುತ್ತದೆ. ಮರಾಠಿಯ ಕಾಗದವನ್ನು ಬಲ್ಲವರಿಂದ ಓದಿಸಿ ಅರ್ಥ ತಿಳಿಯುವ ತನಕ ಸಹಿ ಹಾಕಬಾರದು. ಇಷ್ಟು ಎಚ್ಚರ ವಹಿಸಿದರೆ ಎಷ್ಟೋ ವ್ಯಾಜ್ಯಗಳು ಹುಟ್ಟುವ ಮುನ್ನವೇ ಅಡಗುತ್ತವೆ. ಹುಟ್ಟಿದವುಗಳಲ್ಲಿಯೂ ಕಾಲ ಮೀರಿದ ಕಾರಣದಿಂದ ನ್ಯಾಯ ಕೈತಪ್ಪುವುದು ತಪ್ಪುತ್ತದೆ.